ಹಕ್ಕಿಯನ್ನು ಕರೆಯುವ ವಿದ್ಯೆ, ಗುಂಡಿ ಒತ್ತುವ ಜಾಣತನ



ಕಳೆದ ತಿಂಗಳು ಮಾಗಡಿಯಲ್ಲಿ ನಮ್ಮ ಬಂಧುಗಳ ಮನೆಯ ಬೀಗರೂಟಕ್ಕೆ ಹೋಗಿದ್ದೆ. ನಿಮ್ಮಲ್ಲಿ ಹಲವರು ಅಲ್ಲಿದ್ದಿರಿ. ಆದ್ದರಿಂದ ನಾನು ಹೇಳುವುದಕ್ಕೆ ನೀವೇ ಸಾಕ್ಷಿ. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ನಾಟಿಕೋಳಿ ಹುರಿದದ್ದು, ಬೋಟಿ ಗೊಜ್ಜು ಎಲ್ಲವೂ ಬಿದ್ದಿದ್ದವು. ಎದುರು ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಲ್ಲಿಮೂಳೆಯನ್ನು ಹೀರುತ್ತ, “ಏನ್ ಮೇಷ್ಟ್ರೇ, ನಿಮ್ಮ ತಮ್ಮನ ಮೊಮ್ಮಗ ಅಮೆರಿಕಾದಲ್ಲಿ ಕೋವಿ ಹಿಡ್ಕೊಂಡು ಕಾಡು ಸುತ್ತುತಾನಂತೆ? ಪಾಪದ ಹಕ್ಕೀನ ಮೋಸದಿಂದ ಕರೆದು ಕೊಲ್ತಾನಂತೆ? ನಿಮ್ಮಂಥೋರ ಮನೇಲಿ ಇದೇನ್ ಬುದ್ಧಿ?” ಎಂದರು. ಪಕ್ಕದಲ್ಲಿದ್ದವರು “ರಾಮ ರಾಮ” ಎಂದು ಲೊಚಗುಟ್ಟಿ, ಬಡಿಸುವವನತ್ತ ಇನ್ನೊಂದು ತುಂಡಿಗೆ ಕೈ ತೋರಿದರು.

ನಾನು ಉತ್ತರ ಕೊಡಲಿಲ್ಲ. ಪಂಕ್ತಿಯಲ್ಲಿ ಕುಳಿತು ಜಗಳವಾಡಬಾರದೆಂದು ನಮ್ಮ ತಾಯಿ ಹೇಳಿಕೊಟ್ಟಿದ್ದರು. ಮನೆಗೆ ಬಂದು ಬರೆಯಬಾರದೆಂದು ಹೇಳಿರಲಿಲ್ಲ. ಕೆಲವರಿಗೆ ಇದರಿಂದ ನೋವಾಗಬಹುದು, ಆಗಲಿ.

ಮಾಂಸ ತಿನ್ನುವವರು ಬೇಟೆಯನ್ನು ನಿಂದಿಸಬಾರದೆಂಬ ಸುಲಭದ ವಾದವನ್ನು ನಾನು ಹೂಡುವುದಿಲ್ಲ. ಆ ಪಂಕ್ತಿಯಲ್ಲಿ ನಾನೂ ಉಂಡವನೇ. ನನ್ನನ್ನು ಚುಚ್ಚಿದ್ದು ‘ಮೋಸದಿಂದ ಕರೆದು’ ಎಂಬ ಮಾತು. ಹಕ್ಕಿಯನ್ನು ಅದರ ನುಡಿಯಲ್ಲೇ ಕರೆಯಲು ಕಲಿಯುವುದು ಎಂದರೆ ಏನೆಂದು ತಿಳಿಯದವರು ಆಡಿದ ಮಾತು ಅದು. ಅದೊಂದು ವಿದ್ಯೆ, ವರ್ಷಗಟ್ಟಲೆ ಬೇಡುವ, ಕಲಿಯುವವನ ಅಹಂಕಾರವನ್ನು ಮೊದಲ ದಿನವೇ ಇಳಿಸುವ ವಿದ್ಯೆ. ಮೋಸವೆನ್ನಬೇಕಾದದ್ದು ಬೇರೆ ಇದೆ. ಅದು ನಡೆಯುತ್ತಿರುವುದು ಅಮೆರಿಕದಲ್ಲಿ ಅಲ್ಲ, ನಮ್ಮ ಸಾವನದುರ್ಗದ ಬುಡದಲ್ಲಿ, ಭಾನುವಾರದ ಬೆಳಗುಗಳಲ್ಲಿ. ಅದನ್ನು ಮಾಡುವವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ಅವರನ್ನು ಯಾರೂ ‘ಇದೇನ್ ಬುದ್ಧಿ’ ಎಂದು ಕೇಳುವುದಿಲ್ಲ, ಶಭಾಷ್ ಎನ್ನುತ್ತಾರೆ.

ಮೊದಲು ಆ ಹುಡುಗನ ವಿಷಯ ಮುಗಿಸಿಬಿಡುತ್ತೇನೆ. ಅವನಿರುವುದು ಮಿಸ್ಸೌರಿ ರಾಜ್ಯದಲ್ಲಿ. ಅವನು ಕಲಿಯುತ್ತಿರುವುದು ಕಾಡು ಟರ್ಕಿ ಕೋಳಿಯನ್ನು ಕೂಗಿ ಕರೆಯುವುದನ್ನು. (ಹೆಸರಿನ ವಿಚಿತ್ರವನ್ನು ನೋಡಿ: ಅಮೆರಿಕದ ಈ ಹಕ್ಕಿಗೆ ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರು, ಟರ್ಕಿಯವರು ಅದನ್ನು ‘ಹಿಂದಿ’ ಎಂದು ನಮ್ಮ ತಲೆಗೆ ಕಟ್ಟಿದರು! ಗೋವೆಯಿಂದ ತರಿಸಿದ ಒಂದು ಟರ್ಕಿಯನ್ನು ಕಂಡು ಬೆರಗಾಗಿ ಜಹಾಂಗೀರ್ ಬಾದಶಹನು 1612ರಲ್ಲಿ ಅದರ ಚಿತ್ರವನ್ನೇ ಬರೆಯಿಸಿದ.) ನೀವು ಫಾರಂಗಳಲ್ಲಿ ಕಂಡಿರುವ ಮಂದಗತಿಯ ಟರ್ಕಿಯಲ್ಲ ಇದು. ರಾತ್ರಿ ಎತ್ತರದ ಮರದ ಮೇಲೆ ತಂಗುತ್ತದೆ, ಹಾರುತ್ತದೆ, ದೂರದಲ್ಲಿ ರೆಪ್ಪೆ ಮಿಟುಕಿಸಿದರೂ ಕಾಣುವಷ್ಟು ಕಣ್ಣು ಚುರುಕು. ವಸಂತದಲ್ಲಿ ಹುಂಜವು ಮರದ ಮೇಲಿಂದಲೇ ಗಂಟಲು ಬಿಚ್ಚಿ ಕೂಗುತ್ತದೆ. ಹೇಂಟೆಗಳು ಅದನ್ನು ಕೇಳಿ ತಾವಾಗಿ ಅದರ ಬಳಿಗೆ ಹೋಗುತ್ತವೆ. ಅದು ಅವುಗಳ ಕುಲಧರ್ಮ. ಬೇಟೆಗಾರನು ಹೇಂಟೆಯಂತೆ ಕೂಗಿ, ಹುಂಜವೇ ನಡೆದು ಬರುವಂತೆ ಮಾಡಬೇಕು. ಅಂದರೆ ನಿಸರ್ಗದ ಪದ್ಧತಿಯನ್ನೇ ತಿರುಗುಮುರುಗು ಮಾಡಬೇಕು. ಆದ್ದರಿಂದಲೇ ಹೊಸಬನು ಮೇಲಿಂದ ಮೇಲೆ ಸೋಲುತ್ತಾನೆ.

ಕೂಗುವ ಸಾಧನ ಯಾವುದೆಂದು ಕೇಳಿದಾಗ ಅವನು ಹೇಳಿದ್ದು ಕೇಳಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ: ಸ್ಲೇಟು! ಅಂಗೈಯಗಲದ ದುಂಡು ಬಟ್ಟಲಿನ ಬಾಯಿಗೆ ಸ್ಲೇಟಿನ ಬಿಲ್ಲೆ ಕೂರಿಸಿರುತ್ತಾರಂತೆ. ಅದರ ಮೇಲೆ ಒಂದು ಮರದ ಕಡ್ಡಿಯನ್ನು ಬಳಪ ಹಿಡಿಯುವಂತೆಯೇ ಹಿಡಿದು, ಎತ್ತದೆ, ಸಣ್ಣ ಸಣ್ಣ ಸೊನ್ನೆ ಸುತ್ತಿದರೆ ಹೇಂಟೆಯ ಕೂಗು ಹುಟ್ಟುತ್ತದೆ. ಒತ್ತು ಹೆಚ್ಚಾದರೆ ಕಿರುಚುತ್ತದೆ, ಕಡಿಮೆಯಾದರೆ ಮೂಗುಡುತ್ತದೆ. ಮೂವತ್ತೈದು ವರ್ಷ ಮಕ್ಕಳ ಕೈ ಹಿಡಿದು ಸೊನ್ನೆ ತಿದ್ದಿಸಿದ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಏನು ಬೇಕು? “ದೊಡ್ಡ ತಾತ, ಮೂರು ತಿಂಗಳು ಬರೀ ಸೊನ್ನೆ ಸುತ್ತಿದೀನಿ” ಎಂದ. ಬೇಟೆಗೆ ಲೈಸೆನ್ಸ್ ಪಡೆಯುವ ಮೊದಲು ಪಾಠ ಕೇಳಿ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕಾಯಿತಂತೆ.

ಮೊದಲ ವಸಂತದಲ್ಲಿ ಅವನಿಗೆ ಏನೂ ಸಿಗಲಿಲ್ಲ. ಮಬ್ಬಿನಲ್ಲೇ ಹೋಗಿ ಮರಕ್ಕೊರಗಿ ಕುಳಿತು ಕೂಗಿದ, ಹುಂಜ ಉತ್ತರಿಸಿತು, ಹಿಗ್ಗಿ ಮತ್ತೆ ಕೂಗಿದ, ಮತ್ತೆ ಉತ್ತರಿಸಿತು. ಹೀಗೆ ಒಂದು ಗಂಟೆ. ಹುಂಜ ಇದ್ದಲ್ಲೇ ಇತ್ತು. ಇಷ್ಟೊಂದು ಹಂಬಲಿಸುವ ಹೇಂಟೆ ತಾನಾಗಿಯೇ ಬಂದೀತೆಂದು ಅದು ಕಾದಿರಬೇಕು! ಕಡೆಗೆ ನಿಜವಾದ ಹೇಂಟೆಗಳೊಡನೆ ಹೊರಟುಹೋಯಿತು. ಎರಡನೆಯ ವಸಂತದಲ್ಲಿ ಅವನು ಎರಡು ಬಾರಿ ಕೂಗಿ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡನಂತೆ. ಮುಕ್ಕಾಲು ಗಂಟೆಯ ಮೌನದ ನಂತರ ಹುಂಜವು ಸದ್ದಿಲ್ಲದೆ ಪೊದೆಯ ಮರೆಯಿಂದ ಹೊರಬಂದಿತು. ಅವನ ಕೈ ನಡುಗಿ ಗುಂಡು ಹಾರಿಸಲಾಗಲಿಲ್ಲ. ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ನಿರಾಶೆ ಇರಲಿಲ್ಲ. ಆ ಧ್ವನಿ ನನಗೆ ಪರಿಚಿತ. ಅರುವತ್ತೈದು ವರ್ಷಗಳ ಹಿಂದೆ ಅದು ನನ್ನ ಧ್ವನಿಯಾಗಿತ್ತು.

ನಿಮಗಾರಿಗೂ ಹೇಳದ ವಿಷಯವೊಂದಿದೆ. ನಾನು ಕೂಡ ಹಕ್ಕಿ ಕರೆಯುವುದನ್ನು ಕಲಿತವನು. ನನ್ನ ಸೋದರಮಾವನ ಊರು ಮಾಗಡಿಯಿಂದ ಸಾವನದುರ್ಗದ ಕಡೆಗೆ ಹೋಗುವ ದಾರಿಯಲ್ಲಿದೆ. ಅವರ ಹುರುಳಿ ಹೊಲಗಳ ಅಂಚಿನಲ್ಲಿ, ತಂಗಡಿ ಗಿಡ, ಕಾರೆ, ಜಾಲಿಯ ಪೊದೆಗಳಲ್ಲಿ ಗೌಜಲಕ್ಕಿಗಳು ಧಾರಾಳವಾಗಿದ್ದವು. ಕೌಜುಗ ಎನ್ನುವವರೂ ಉಂಟು. ಮುಂಜಾನೆ ಬೆಳಕು ಹರಿಯುವ ಮೊದಲೇ ಜಾಲಿಮರದಿಂದ ‘ಕತೀತರ್, ಕತೀತರ್’ ಎಂದು ಊರನ್ನೆಲ್ಲ ಎಬ್ಬಿಸುವ ಆ ಬೂದುಬಣ್ಣದ ಹಕ್ಕಿಯನ್ನು ಹಳ್ಳಿಯಲ್ಲಿ ಹುಟ್ಟಿದವರು ಮರೆತಿರಲಾರರು. ಮಾವನ ಬಳಿ ಹಳೆಯ ಒಂದು ಕೋವಿ ಇತ್ತು. ಆದರೆ ಅವರು ಹೆಚ್ಚಾಗಿ ನಂಬಿದ್ದು ತಮ್ಮ ಗಂಟಲನ್ನು.

1959ರ ಸುಗ್ಗಿಯ ಕಾಲ. ನನಗೆ ಹನ್ನೆರಡು ವರ್ಷ. “ಮಾವ, ನಂಗೂ ಕೂಗೋದು ಕಲಿಸಿ” ಎಂದು ಗಂಟುಬಿದ್ದೆ. ಅವರು ಹೇಳಿದ್ದು: “ಬಾಯ್ ಮುಚ್ಕೊಂಡಿರೋದ ಮೊದ್ಲು ಕಲಿ ಅಳಿಯ. ಕೂಗೋದು ಆಮೇಲೆ.” ಒಂದು ತಿಂಗಳು ನಾನು ಬಾಯಿ ತೆರೆಯುವಂತಿರಲಿಲ್ಲ. ದಿನವೂ ಮಬ್ಬಿನಲ್ಲಿ ಬಂಡೆಯ ಮರೆಯಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಜೋಡಿ ಕೂಗಿದವು? ಮೊದಲು ಕೂಗಿದ್ದು ಯಾವ ಮರದ್ದು? ಹುಣಿಸೆಮರದ ಹಕ್ಕಿ ಇವತ್ತೇಕೆ ತಡ ಮಾಡಿತು? ನಾಲ್ಕಾರು ದಿನ ನನಗೆ ಎಲ್ಲವೂ ಒಂದೇ ಗದ್ದಲವಾಗಿ ಕೇಳಿಸಿತು. ಆಮೇಲೆ ಮೆಲ್ಲಗೆ ಅದು ಬಿಡಿಬಿಡಿಯಾಗತೊಡಗಿತು. ಹುಂಜದ ಕೂಗು ಬೇರೆ, ಅದಕ್ಕೆ ಹೇಂಟೆ ಒಡನೆಯೇ ಸೇರಿಸುವ ತೀಕ್ಷ್ಣವಾದ ‘ಕಿಲ ಕಿಲ’ ಬೇರೆ. ಒಂದೊಂದು ಜೋಡಿಗೂ ಒಂದೊಂದು ಎಲ್ಲೆಕಟ್ಟು. ನಮ್ಮ ಪಹಣಿಯ ಗಡಿಗಿಂತ ಕಟ್ಟುನಿಟ್ಟು. ತಿಂಗಳ ಕೊನೆಗೆ ಆ ಬಯಲಿನ ಏಳು ಜೋಡಿಗಳ ವಿಳಾಸ ನನಗೆ ಬಾಯಿಪಾಠವಾಗಿತ್ತು.

ಬಳಿಕ ಕೂಗುವ ಪಾಠ. ಹೊಸಬನು ಮಾಡುವ ತಪ್ಪನ್ನೇ ನಾನೂ ಮಾಡಿದೆ: ನೇರವಾಗಿ ‘ಕತೀತರ್’ ಎಂದು ಅರಚಿದೆ. ಬಯಲು ಮೌನವಾಯಿತು. ಮಾವ ನಕ್ಕರು. ಗೌಜಲ ಹುಂಜವು ಗಟ್ಟಿಯಾಗಿ ಕೂಗುವ ಮೊದಲು ಗಂಟಲಿನೊಳಗೇ ಎರಡು ಮೂರು ಸಣ್ಣ ಸದ್ದು ಮಾಡಿಕೊಳ್ಳುತ್ತದೆ, ಸಂಗೀತಗಾರ ಶ್ರುತಿ ನೋಡಿಕೊಳ್ಳುವಂತೆ. ಹತ್ತಿರದಲ್ಲಿ ಕುಳಿತವರಿಗೆ ಮಾತ್ರ ಅದು ಕೇಳಿಸೀತು. ಅದಿಲ್ಲದ ಕೂಗನ್ನು ಹಕ್ಕಿ ನಂಬುವುದಿಲ್ಲ. ನಾಲಿಗೆಯ ನಡುಭಾಗವನ್ನು ಅಂಗುಳಕ್ಕೆ ತಾಗಿಸಿ ಆ ಸಣ್ಣ ಸದ್ದನ್ನು ಹುಟ್ಟಿಸುವುದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು. ಶಾಲೆಗೆ ನಡೆದು ಹೋಗುವ ದಾರಿಯುದ್ದಕ್ಕೂ ಅದೇ ಅಭ್ಯಾಸ.

ಕೂಗಿದರೆ ಹಕ್ಕಿ ಏಕೆ ಬರುತ್ತದೆ? ಇದು ಮುಖ್ಯವಾದ ಮಾತು, ಗಮನವಿಟ್ಟು ಓದಿ. ಟರ್ಕಿಯ ಹುಂಜ ಬರುವುದು ಪ್ರಣಯಕ್ಕೆ; ಗೌಜಲ ಹುಂಜ ಬರುವುದು ಕದನಕ್ಕೆ. ತನ್ನ ಎಲ್ಲೆಯೊಳಗೆ ಪರಕೀಯನೊಬ್ಬ ನುಗ್ಗಿದನೆಂದು ತಿಳಿದು, ಕತ್ತನ್ನು ನಿಗುರಿಸಿ, ಓಡುತ್ತ ಬರುತ್ತದೆ. ಕಾಲಿನಲ್ಲಿ ಮುಳ್ಳಿರುತ್ತದೆ, ಕಾದಾಟಕ್ಕೆಂದೇ. ಪಳಗಿದ ಗೌಜಲ ಹುಂಜವನ್ನು ಬುಟ್ಟಿಯಲ್ಲಿಟ್ಟು ಕೂಗಿಸಿ, ಸುತ್ತಲೂ ಕುದುರೆಯ ಬಾಲದ ಕೂದಲಿನ ಉರುಳೊಡ್ಡಿ ಹಿಡಿಯುವುದೂ ಇದೇ ಗುಟ್ಟಿನಿಂದ. ಹಾಗೆ ಬೇಟೆಗೆ ಬಳಸುವ ಸಾಕಿದ ಪ್ರಾಣಿಗೆ ಹಳಗನ್ನಡದಲ್ಲಿ ‘ದೀಹ’ ಎಂಬ ಅಚ್ಚುಕಟ್ಟಾದ ಪದವಿದೆ. ಪಂಪನ ಭಾರತದ ಬೇಟೆಯ ಪ್ರಕರಣವನ್ನು ನನ್ನಿಂದ ಪಾಠ ಕೇಳಿದವರಿಗೆ ನೆನಪಿರಬೇಕು. ಸಾವಿರ ವರ್ಷಗಳಿಗೂ ಹಿಂದಿನ ಮಹಾಕವಿ ಬೇಟೆಯ ಈ ಪರಿಭಾಷೆಯನ್ನು ಕಾವ್ಯಕ್ಕೆ ಯೋಗ್ಯವೆಂದೇ ತಿಳಿದಿದ್ದ.

ಮಾವನಿಗೆ ಒಂದು ಕಟ್ಟಳೆ ಇತ್ತು. ಯುಗಾದಿಯಿಂದ ಗೌರಿಹಬ್ಬದವರೆಗೆ ಕೂಗಕೂಡದು. ಮೂರು ಬಾರಿಗಿಂತ ಹೆಚ್ಚು ಕೂಗಕೂಡದು. ಒಂದೇ ಜೋಡಿಯನ್ನು ಎರಡು ದಿನ ಒಟ್ಟಿಗೆ ಕರೆಯಕೂಡದು. ಇದನ್ನು ಮುರಿದವನು ನಾನು. 1960ರ ಬೇಸಗೆ ರಜದಲ್ಲಿ, ವಿದ್ಯೆ ಕೈವಶವಾದ ಮದದಲ್ಲಿ, ಮಾವ ಸಂತೆಗೆ ಹೋಗಿದ್ದ ದಿನ ಒಬ್ಬನೇ ಹೋಗಿ ಕೂಗಿದೆ. ಹುಣಿಸೆಮರದ ಹುಂಜ ನನ್ನ ಮೊಳಕಾಲಿನಷ್ಟು ಹತ್ತಿರ ಬಂದಿತು. ಬಂಡೆಯನ್ನು ಸುತ್ತು ಹಾಕಿತು, ಕೂಗಿತು, ಮತ್ತೆ ಬಂದಿತು. ಅದರ ಎದೆ ಬಡಿದುಕೊಳ್ಳುವುದು ಕಾಣುತ್ತಿತ್ತು. ಬಿಸಿಲೇರುವವರೆಗೂ ಕೂಗಿದೆ. ಮರುದಿನವೂ ಹೋದೆ, ಅದರ ಮರುದಿನವೂ. ನಾಲ್ಕನೆಯ ದಿನ ಹುಣಿಸೆಮರದ ಕಡೆಯಿಂದ ಉತ್ತರವೇ ಬರಲಿಲ್ಲ. ಮಾವ ನನ್ನ ಕೈ ಹಿಡಿದು ಕರೆದೊಯ್ದು ಹುಲ್ಲಿನ ಬುಡದಲ್ಲಿ ಒಂದು ತಗ್ಗನ್ನು ತೋರಿಸಿದರು. ಆರು ಮೊಟ್ಟೆ. ಮುಟ್ಟಿ ನೋಡು ಎಂದರು. ತಣ್ಣಗಿದ್ದವು. “ಗಂಡು ನಿನ್ ಜೊತೆ ಜಗಳಕ್ಕೆ ನಿಂತ್ರೆ, ಗೂಡು ಕಾಯೋರ್ಯಾರು?” ಅಷ್ಟೇ ಅವರು ಹೇಳಿದ್ದು. ಮುಂಗುಸಿ ಬೆದರಿಸಿ ಓಡಿಸಿತೋ, ನನ್ನ ಕೂಗಿನ ಕಾಟಕ್ಕೆ ಹೇಂಟೆ ಎದ್ದುಹೋಯಿತೋ, ನಾನು ಆಣೆ ಮಾಡಿ ಹೇಳಲಾರೆ. ಮಾವನಿಗಂತೂ ಸಂದೇಹವಿರಲಿಲ್ಲ.

ಬೇಟೆಯ ಆ ಕಾಲ ಮುಗಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸುಗಳ ಅಧ್ಯಾಯವನ್ನೇ ಕಿತ್ತುಹಾಕಿತು. ನಾನು ಅದನ್ನು ಒಪ್ಪುತ್ತೇನೆ. ನನ್ನ ತಮ್ಮನ ಮೊಮ್ಮಗ ಉತ್ಸಾಹದಿಂದ, “ಇಲ್ಲಿ ಟರ್ಕಿ ಅಳಿದೇ ಹೋಗುವಂತಿತ್ತು, ಹಿಡಿದು ಬೇರೆ ಕಾಡುಗಳಿಗೆ ಬಿಟ್ಟು ಬೆಳೆಸಿ, 1960ರಲ್ಲಿ ಮತ್ತೆ ಬೇಟೆ ತೆರೆದರು. ಬೇಟೆಗಾರರ ದುಡ್ಡೇ ಕಾಡು ಕಾಯುತ್ತದೆ. ನಮ್ಮಲ್ಲಿ ಏಕಾಗಬಾರದು?” ಎಂದು ಕೇಳಿದಾಗ ಬೇಡವೆಂದೆ. ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು 1937ರಿಂದ ವನ್ಯಜೀವಿಗಳಿಗೇ ಮೀಸಲಿಟ್ಟ ದೇಶ ಅದು. ನಮ್ಮಲ್ಲಿ ಕೆರೆಯ ಅಂಗಳವನ್ನೇ ಉಳಿಸಿಕೊಳ್ಳಲಾಗಲಿಲ್ಲ. ಬೇಟೆ ತೆರೆದರೆ ಹುರುಳಿ ಹೊಲದಲ್ಲಿ ಒಂದು ಗೌಜಲವೂ ಉಳಿಯದು. ಕೋವಿ ಮೂಲೆ ಸೇರಿದ್ದು ಒಳ್ಳೆಯದೇ ಆಯಿತು.

ಇನ್ನು ಸಾವನದುರ್ಗಕ್ಕೆ ಬರುತ್ತೇನೆ.

ನನ್ನ ಒಬ್ಬ ಶಿಷ್ಯ, ಬೆಂಗಳೂರಿನ ದೊಡ್ಡ ಕಂಪೆನಿಯಲ್ಲಿರುವವನು, ಕೆಲವು ತಿಂಗಳ ಹಿಂದೆ ಒಂದು ಹಕ್ಕಿಯ ಚಿತ್ರ ಕಳಿಸಿದ. ಹಳದಿ ಕೊರಳಿನ ಪಿಕಳಾರ. ಕೊಕ್ಕು ಅಗಲಿಸಿ, ಕೊರಳಿನ ಅರಿಶಿನ ಬಣ್ಣ ಬಿಸಿಲಿಗೆ ಹೊಳೆಯುತ್ತ ಕುಳಿತಿದೆ. ಅದ್ಭುತವಾದ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ‘ಸಾವನದುರ್ಗದ ಮುಂಜಾನೆಯ ಹಾಡು’ ಎಂದು ಬರೆದಿದ್ದ. ಎಷ್ಟು ಹೊತ್ತು ಕಾದೆಯಪ್ಪ ಎಂದು ಕೇಳಿದೆ. “ಕಾಯೋದೇನ್ ಬಂತು ಸಾರ್! ಫೋನಿನಲ್ಲಿ ಅದರ ಕೂಗು ಹಾಕಿ, ಸ್ಪೀಕರ್ ಪೊದೆಯಲ್ಲಿಟ್ಟೆ. ಐದೇ ನಿಮಿಷಕ್ಕೆ ಬಂತು. ನಮ್ಮ ಗುಂಪಿನ ಹನ್ನೊಂದು ಜನಕ್ಕೂ ಸಿಕ್ತು” ಎಂದ.

ಈ ಪಿಕಳಾರದ ಸ್ಥಿತಿಗತಿ ಗೊತ್ತಿರಲಿ. ಜೆರ್ಡನ್ ಎಂಬ ವೈದ್ಯ 1845ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿಯೂ ಎಲ್ಲೆಡೆ ಇಲ್ಲ. ಬಂಡೆಗಲ್ಲಿನ ಗುಡ್ಡಗಳ ಕುರುಚಲಿನಲ್ಲಿ ಮಾತ್ರ. ಅಳಿವಿನ ಅಪಾಯಕ್ಕೊಳಗಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಸಾವನದುರ್ಗ, ರಾಮನಗರದ ಬೆಟ್ಟಗಳು ಅದಕ್ಕೆ ಉಳಿದಿರುವ ಮನೆಗಳಲ್ಲಿ ಸೇರಿವೆ. ಬೆಂಗಳೂರಿಗೆ ಹತ್ತಿರವಾದ್ದರಿಂದ ಕ್ಯಾಮೆರಾ ಹಿಡಿದವರೆಲ್ಲ ಅದಕ್ಕಾಗಿ ಬರುವುದು ಇಲ್ಲಿಗೇ. ಇವತ್ತು ಹನ್ನೊಂದು ಜನ. ಮುಂದಿನ ಭಾನುವಾರ ಬೇರೊಂದು ತಂಡ. ಅದೇ ಪೊದೆ, ಅದೇ ಜೋಡಿ, ಅದೇ ಧ್ವನಿಮುದ್ರಣ.

ಶಿಷ್ಯನಿಗೆ ನಾನು ಬರೆದೆ: ಅದು ಹಾಡಲ್ಲ. ನಿನ್ನ ಪೊದೆಯಲ್ಲಿ ಅಡಗಿರುವ, ಎಂದೂ ಕಣ್ಣಿಗೆ ಬೀಳದ, ಎಂದೂ ದಣಿಯದ ಶತ್ರುವಿನ ಮೇಲೆ ಅದು ಜಗಳಕ್ಕೆ ಬಂದಿದೆ. ನೀನು ತೆಗೆದಿರುವುದು ಸಿಟ್ಟಿನ ಚಿತ್ರ. ಅದಕ್ಕೆ ಮುಂಜಾನೆಯ ಹಾಡೆಂದು ಹೆಸರಿಟ್ಟಿದ್ದೀಯೆ.

ಅವನ ಉತ್ತರ ನಿರೀಕ್ಷಿಸಿದ್ದೇ: “ನಾವು ಕೊಲ್ಲೋದಿಲ್ಲವಲ್ಲ ಸಾರ್?” ನಿಜ, ಕೊಲ್ಲುವುದಿಲ್ಲ. 1960ರ ಬೇಸಗೆಯಲ್ಲಿ ನಾನೂ ಕೊಂದಿರಲಿಲ್ಲ. ನನ್ನ ಕೈಯಲ್ಲಿ ಕೋವಿಯೇ ಇರಲಿಲ್ಲ. ಮನುಷ್ಯನ ಗಂಟಲು ಒಣಗುತ್ತದೆ, ತಪ್ಪುತ್ತದೆ. ಹಕ್ಕಿ ಆ ತಪ್ಪನ್ನು ಹಿಡಿದು ನಿರಾಳವಾಗಿ ಹೊರಟುಹೋಗುತ್ತದೆ. ಕರೆಯುವವನಿಗೂ ಹಕ್ಕಿಗೂ ನಡುವೆ ಇದ್ದ ನ್ಯಾಯ ಅದು. ಯಂತ್ರದ ಕೂಗಿಗೆ ದಣಿವಿಲ್ಲ, ತಪ್ಪಿಲ್ಲ. ನೂರನೆಯ ಸಲವೂ ಮೊದಲಿನಷ್ಟೇ ಗಟ್ಟಿ. ಮಾವ ಮೂರು ಕೂಗಿಗೆ ನಿಲ್ಲಿಸುತ್ತಿದ್ದುದು ದಯೆಯಿಂದ ಮಾತ್ರವಲ್ಲ, ನಾಲ್ಕನೆಯದರಲ್ಲಿ ತಪ್ಪುತ್ತೇನೆಂಬ ಅರಿವಿನಿಂದಲೂ ಹೌದು. ಫೋನಿಗೆ ಆ ಅಂಜಿಕೆ ಇಲ್ಲ. ಗುಂಡಿ ಒತ್ತಿದವನಿಗೆ ಆ ಕೂಗು ಹುಂಜದ್ದೋ ಹೇಂಟೆಯದೋ, ಎಚ್ಚರಿಕೆಯೋ ಬೆದರಿಕೆಯೋ ತಿಳಿಯದು. ತಾನು ಆಡುತ್ತಿರುವ ಮಾತಿನ ಅರ್ಥವೇ ಗೊತ್ತಿಲ್ಲದೆ ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತು ಬೈಯುವವನನ್ನು ನೀವು ಏನೆಂದು ಕರೆಯುತ್ತೀರಿ?

ವಿಜ್ಞಾನಿಗಳೂ ಧ್ವನಿಮುದ್ರಣ ಬಳಸಿ ಹಕ್ಕಿಗಳನ್ನು ಎಣಿಸುತ್ತಾರಲ್ಲ ಎಂದು ಇನ್ನೊಬ್ಬ ಶಿಷ್ಯೆ ಕೇಳಿದಳು. ಬಳಸುತ್ತಾರೆ, ಅಳತೆಯಿಟ್ಟು, ಎಣಿಸಿ, ನಿಲ್ಲಿಸಿ. ಅವರು ಬಯಸುವುದು ಉತ್ತರವನ್ನು, ಚಿತ್ರವನ್ನಲ್ಲ. ಧ್ವನಿಮುದ್ರಣಗಳ ಮೇಲೆ ನನಗೆ ದ್ವೇಷವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 2005ರಿಂದ ಅಂತರಜಾಲದಲ್ಲಿರುವ ಜೆನೋ-ಕ್ಯಾಂಟೋ ಎಂಬ ಧ್ವನಿಭಂಡಾರದಲ್ಲಿ ಲೋಕದ ಹಕ್ಕಿಗಳ ಕೂಗುಗಳನ್ನು ಕೂಡಿಟ್ಟಿದ್ದಾರೆ. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬಾರದಿದ್ದಾಗ ನಾನು ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತೇನೆ. ಮನೆಯಲ್ಲಿ ಕುಳಿತು ಕೇಳಿ, ಕಲಿತು, ಗುಡ್ಡಕ್ಕೆ ಹೋಗಿ ಗುರುತಿಸಿ. ಪುಸ್ತಕವಿರುವುದು ಓದಲಿಕ್ಕೆ, ಪರೀಕ್ಷೆಯ ಕೋಣೆಯಲ್ಲಿ ತೊಡೆಯ ಮೇಲಿಟ್ಟು ನೋಡಿ ಬರೆಯಲಿಕ್ಕಲ್ಲ. ಇದನ್ನು ನಿಮಗೆ ನಾನು ಎಂಟನೆಯ ತರಗತಿಯಲ್ಲೇ ಹೇಳಿದ್ದೆ.

ಇಲ್ಲೊಂದು ವಿಷಯ ನಮ್ಮ ಬೀಗರೂಟದ ಪ್ರಾಣಿದಯಾಪರರ ಗಮನಕ್ಕೆ. ಮಿಸ್ಸೌರಿಯಲ್ಲಿ ಟರ್ಕಿ ಬೇಟೆಗೆ ಯಂತ್ರದ ಕೂಗನ್ನು ಬಳಸುವುದು ಕಾನೂನುಬಾಹಿರ. ಅಮೆರಿಕದ ಇನ್ನೂ ಹಲವು ರಾಜ್ಯಗಳಲ್ಲಿ ಇದೇ ನಿಯಮ. ಕೋವಿ ಹಿಡಿದು ಕೊಲ್ಲಲಿಕ್ಕೆಂದೇ ಹೋಗುವವನಿಗೂ ‘ಕೂಗುವುದಾದರೆ ನಿನ್ನ ಕೈಯಿಂದ ಇಲ್ಲವೆ ಬಾಯಿಂದ ಕೂಗು’ ಎಂದು ಕಾನೂನು ಹೇಳುತ್ತದೆ. ಬೇಟೆಗಾರನಿಗೆ ಅಲ್ಲಿ ಸಲ್ಲದ್ದು ಹಕ್ಕಿಪ್ರೇಮಿಗೆ ಇಲ್ಲಿ ಸಲ್ಲುತ್ತದೆ! ನಮ್ಮ 1972ರ ಕಾಯಿದೆಯು ಬೇಟೆ ಎಂಬ ಪದವನ್ನು ವಿವರಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಹಿಡಿಯುವುದು, ಉರುಳೊಡ್ಡುವುದು, ಬೆನ್ನಟ್ಟುವುದು, ಆಮಿಷವೊಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವನ್ನೂ ಸೇರಿಸುತ್ತದೆ. ನಾನು ವಕೀಲನಲ್ಲ, ನ್ಯಾಯಾಲಯ ಏನೆನ್ನುವುದೋ ಅರಿಯೆ. ಕನ್ನಡ ಮೇಷ್ಟರಾಗಿ ಕೇಳುತ್ತೇನೆ: ಕಾಳು ಎರಚಿ ಕರೆದರೆ ಆಮಿಷ, ಧ್ವನಿ ಎರಚಿ ಕರೆದರೆ ಏನು?

‘ನೀವೇ ಬೇಟೆಗಾರರಲ್ಲವೆ, ಹಕ್ಕಿಯ ಪರ ಮಾತನಾಡಲು ನಿಮಗೇನು ಹಕ್ಕು?’ ಎನ್ನುವಿರಾದರೆ, ಸಲೀಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಚ್ಚಿಯೇ ಅವರನ್ನು ಪಕ್ಷಿಶಾಸ್ತ್ರಕ್ಕೆ ಕರೆತಂದದ್ದು. ನಮ್ಮ ತೇಜಸ್ವಿಯವರು ಕೋವಿಯನ್ನೂ ಕ್ಯಾಮೆರಾವನ್ನೂ ಹಿಡಿದವರೇ. ಈ ವಾದವನ್ನು ಇಲ್ಲಿಗೇ ಬಿಡೋಣ.

ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೊಂದು. ತೇಜಸ್ವಿಯವರ ಅನುವಾದದಲ್ಲಿ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ನೀವೆಲ್ಲ ನಿದ್ದೆಗೆಟ್ಟು ಓದಿದ್ದೀರಿ. ಜವಳಗಿರಿಯ ಹೆಣ್ಣುಹುಲಿಯನ್ನು ಅವನು ಗಂಡುಹುಲಿಯಂತೆ ಕೂಗಿ ಬರಿಸಿಕೊಂಡದ್ದು, ಕಾರ್ಬೆಟ್ 1938ರಲ್ಲಿ ಥಾಕ್ ಎಂಬಲ್ಲಿ ಅದೇ ಕೆಲಸ ಮಾಡಿದ್ದು ನಿಮಗೆ ಸಾಹಸ. ಸಾಹೇಬನು ಕೂಗಿದರೆ ಸಾಹಿತ್ಯ. ಅದನ್ನೇ ನಮ್ಮ ನೆಲದಲ್ಲಿ ತಲೆತಲಾಂತರದಿಂದ ಬಲ್ಲ ಹಕ್ಕಿಪಿಕ್ಕಿಗಳು ಕೂಗಿದರೆ? ಅವರ ಹೆಸರಿನಲ್ಲೇ ಹಕ್ಕಿ ಇದೆ. ಬಿಡದಿಯ ಬಳಿಯ ಭದ್ರಾಪುರದಲ್ಲಿ ಅವರ ಕಾಲೊನಿಯಿದೆ. ಮನೆಯಲ್ಲಿ ಆಡುವುದು ವಾಗ್ರಿ ನುಡಿ, ಪೇಟೆಯಲ್ಲಿ ಕನ್ನಡ. ಹಕ್ಕಿ ಹಿಡಿಯುವ ಕಸುಬು ಕಾನೂನಿನಿಂದ ನಿಂತ ಮೇಲೆ ಪಿನ್ನು, ಬಣ್ಣದ ಹೂವು, ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕದವರೆಗೂ ಹೋದರು. 2023ರಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಅವರೂ ಇದ್ದರೆಂದು ಪತ್ರಿಕೆಯಲ್ಲಿ ಓದಿದಾಗಲೇ ನಮ್ಮಲ್ಲಿ ಅನೇಕರಿಗೆ ಅವರ ನೆನಪಾದದ್ದು.

ಮಾವನಿಗೆ ಕೂಗು ಕಲಿಸಿದವರೂ ಅವರೇ. ಸುಗ್ಗಿ ಮುಗಿದ ಮೇಲೆ ಕೆರೆ ಏರಿಯ ಕೆಳಗೆ ಡೇರೆ ಹಾಕುತ್ತಿದ್ದ ಮುದುಕನೊಬ್ಬನಿಗೆ ಎರಡು ಸೇರು ರಾಗಿ ಅಳೆದು ಮಾವ ಆ ಗಂಟಲಿನ ಸಣ್ಣ ಸದ್ದನ್ನು ಕಲಿತರಂತೆ. ಅಂದರೆ ನಾನು ಆ ಮುದುಕನ ಶಿಷ್ಯನ ಶಿಷ್ಯ.

ಹೀಗಿದ್ದೂ ನಾನು ಮಾಡಿದ್ದನ್ನು ಕೇಳಿ. 1978. ಅಂಥ ಡೇರೆಯ ಹುಡುಗನೊಬ್ಬ ನಾನಿದ್ದ ಶಾಲೆಗೆ ಸೇರಿದ್ದ. ಹಿಂದಿನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ. ಅಂದು ನಾನು ಲೋಪಸಂಧಿ ಹೇಳಿಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ತರಗತಿಯೊಳಗೆ ಗೌಜಲಕ್ಕಿ ಕೂಗಿತು. ಮೊದಲು ಆ ಎರಡು ಮೂರು ಸಣ್ಣ ಸದ್ದು, ಬಳಿಕ ಕತೀತರ್. ಒಂದು ಉಸಿರಿನಷ್ಟು ಹೊತ್ತಿನ ನಂತರ ಹೊರಗಿನ ಹೊಲದಿಂದ ಉತ್ತರ ಬಂದಿತು. ಮಕ್ಕಳೆಲ್ಲ ಕೇಕೆ ಹಾಕಿದರು. ಆ ತರಗತಿಯಲ್ಲಿ ಅವನು ಮಾಡಿದ್ದು ಎಂಥ ಕೆಲಸವೆಂದು ತಿಳಿಯಬಲ್ಲವನು ನಾನೊಬ್ಬನೇ. ಹನ್ನೆರಡನೆಯ ವಯಸ್ಸಿನಲ್ಲಿ ಎರಡು ತಿಂಗಳು ತಿಣುಕಿ ನಾನು ಅರ್ಧಮರ್ಧ ಕಲಿತದ್ದನ್ನು ಅವನು ಕಿಟಕಿಯ ಬಳಿ ಕುಳಿತು ಸಲೀಸಾಗಿ ಮಾಡಿದ್ದ. ನಾನು ಬೆತ್ತ ತೆಗೆದುಕೊಂಡು ಅಂಗೈಗೆ ನಾಲ್ಕು ಏಟು ಕೊಟ್ಟೆ. ‘ಕಾಡುಬುದ್ಧಿ’ ಎಂದೆ. ಹುಡುಗ ಅಳಲಿಲ್ಲ. ಮರುವಾರ ಡೇರೆಗಳು ಎದ್ದವು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಗುರುತು ಹಾಕುತ್ತ ಹೋದೆ. ತಿಂಗಳ ಕೊನೆಗೆ ಹೆಸರನ್ನು ಹೊಡೆದುಹಾಕಿದೆ.

ಅಂದು ಆ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ನೀವು ಕೇಕೆ ಹಾಕಿದ್ದು ಸರಿಯಾಗಿತ್ತು. ತಪ್ಪು ನನ್ನದು. ಇದೇ ಊರಿನಲ್ಲಿ ಬಲೆ ಹಿಡಿದ ಬಡವನನ್ನು ಕಳ್ಳನೆಂದು ಹಿಡಿದುಕೊಟ್ಟ ಜನವೇ, ಭಾನುವಾರ ಸ್ಪೀಕರ್ ಹಿಡಿದು ಕಾರಿನಲ್ಲಿ ಬಂದವರಿಗೆ ‘ಅಗೋ, ಆ ಬಂಡೆಯ ಹಿಂದೆ ಇದೆ ಸಾರ್’ ಎಂದು ದಾರಿ ತೋರಿಸುತ್ತದೆ. ಹಕ್ಕಿಯ ನುಡಿ ಬಲ್ಲವನು ಅಪರಾಧಿ, ಬಾರದವನು ಪ್ರೇಮಿ.

ನನ್ನ ಕಾಗದ ತಲುಪಿ ಎರಡು ತಿಂಗಳು ಶಿಷ್ಯನಿಂದ ಸುದ್ದಿ ಇರಲಿಲ್ಲ. ಮುನಿಸಿಕೊಂಡನೆಂದೇ ತಿಳಿದೆ. ಮೊನ್ನೆ ಒಂದು ಸಾಲು ಬಂದಿತು: “ಸಾರ್, ಸ್ಪೀಕರ್ ಇಲ್ಲದೆ ನಾಲ್ಕು ಭಾನುವಾರ ಹೋಗಿ ಕೂತೆ. ಹಕ್ಕಿ ಕಾಣಲಿಲ್ಲ.” ನಾನು ಮರಳಿ ಕೇಳಿದೆ: “ಕೇಳಿಸಿತೇ?” ಇನ್ನೂ ಉತ್ತರ ಬಂದಿಲ್ಲ.